ಉಷ್ಣಮಾಪಕದ ಶುಚಿತ್ವ: ತಿಳಿದಿರಬೇಕಾದ ಕೆಲವು ಸಂಗತಿಗಳು

ಗೌರಿಬಿದನೂರು ತಾಲ್ಲೂಕಿನ ಅಲೀಪುರವಿರಲಿ, ನಾಡಿನ ಬೇರಾವುದೇ ಗ್ರಾಮವಿರಲಿ, ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಮರಳಿದ ತಾಯಿ-ಮಗುವನ್ನು ಆಶಾ ಕಾರ್ಯಕರ್ತೆಯರು 3, 7, 14, 21, 28 ಹಾಗೂ 42ನೆಯ ದಿನಗಳಂದು ಕಾಣಬೇಕೆಂಬುದು ಸರ್ಕಾರದ ನಿಯಮ. ಹಸುಗೂಸಿನ ಕಂಕುಳಿನಲ್ಲಿ ಅವರು ಇರಿಸುವ ಥರ್ಮಾಮೀಟರು ಮನೆಯಿಂದ ಮನೆಗೆ ಸಾಗುವಂಥದು. ವಿದ್ಯಾರ್ಥಿನಿಲಯಗಳಲ್ಲಿಯೂ ಹಲವು ಮಕ್ಕಳಿಗೆ ಒಂದೇ ಉಷ್ಣಮಾಪಕವಿರುವುದು ಸಾಮಾನ್ಯ. ಆದುದರಿಂದ ಅದರ ಶುಚಿತ್ವವನ್ನು ಅಲ್ಪವಿಷಯವೆಂದು ಭಾವಿಸಲಾಗದು.

ಇಂಗ್ಲೆಂಡಿನ ಆಕ್ಸ್‌ಫರ್ಡ್ ಆಸ್ಪತ್ರೆಯ ತೀವ್ರ ನಿಗಾ ಘಟಕವೊಂದರಲ್ಲಿ 2015ರಿಂದ 2017ರ ಅವಧಿಯಲ್ಲಿ 70 ರೋಗಿಗಳ ದೇಹದಲ್ಲಿ 'ಕ್ಯಾಂಡಿಡಾ ಆರಿಸ್' ಎಂಬ ಶಿಲೀಂಧ್ರ ಕಂಡುಬಂದಿತು. ಒಬ್ಬರ ನಂತರ ಒಬ್ಬರಿಗೆ ಬಳಸುತ್ತಿದ್ದ, ಕಂಕುಳಿನಲ್ಲಿಡುವ ಉಷ್ಣಮಾಪಕಗಳೇ ಅದರ ಹರಡುವಿಕೆಗೆ ಮುಖ್ಯ ಕಾರಣವೆಂದು ತಿಳಿದುಬಂದಿತು. ಅವುಗಳನ್ನು ತೆಗೆದುಹಾಕಿದ ಮೇಲೆಯೇ ಸೋಂಕು ಹತೋಟಿಗೆ ಬಂದಿತು.

ಶುದ್ಧಿಗೆ ಎರಡು ಹಂತಗಳುಂಟು. ಮೊದಲನೆಯದು ತೊಳೆಯುವುದು. ಜೊಲ್ಲು, ಬೆವರು, ಎಣ್ಣೆಯ ಪದರದ ಅಡಿಯಲ್ಲಿ ಅಡಗಿದ ರೋಗಾಣುಗಳಿಗೆ ಔಷಧ ತಾಕದು. ಆದ್ದರಿಂದ ತುದಿಯನ್ನು ಸಾಬೂನು ಮತ್ತು ತಣ್ಣೀರಿನಿಂದ ಮೊದಲು ತೊಳೆಯಬೇಕು. ಎರಡನೆಯದು ರೋಗಾಣುನಾಶ. ಶೇ. 70ರ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ತುದಿಯನ್ನು ಚೆನ್ನಾಗಿ ಒರೆಸಿ, ತಾನಾಗಿ ಆರಲು ಬಿಡಬೇಕು. ನೀರಿನಂಶವಿರುವ ಸ್ಪಿರಿಟ್ ನಿಧಾನವಾಗಿ ಆರಿ, ರೋಗಾಣುವಿನ ಸಸಾರಜನಕವನ್ನು ಚೆನ್ನಾಗಿ ಕೆಡಿಸುತ್ತದೆ. ಅಪ್ಪಟ ಸ್ಪಿರಿಟ್ ಅಷ್ಟು ಪರಿಣಾಮಕಾರಿಯಲ್ಲ. ಹಸಿಯಿರುವಾಗಲೇ ಮಗುವಿಗೆ ಇಟ್ಟರೆ, ಆರುವ ಸ್ಪಿರಿಟ್ ತುದಿಯನ್ನು ತಂಪಾಗಿಸಿ ಅಳತೆಯನ್ನು ತಪ್ಪಿಸಬಹುದು. ಬಳಸುವ ಮುನ್ನವೂ ಬಳಸಿದ ನಂತರವೂ ಹೀಗೆ ಒರೆಸುವುದು ಕ್ರಮ.

ಕುದಿಯುವ ನೀರು ಸರ್ವಥಾ ಸಲ್ಲದು. ಗಾಜಿನ ಕಡ್ಡಿಯ ಅಳತೆ ಸುಮಾರು 42 ಡಿಗ್ರಿ ಸೆಲ್ಸಿಯಸ್‌ಗೆ ಮುಗಿಯುವುದರಿಂದ, ಅದನ್ನು ಮೀರಿ ಹಿಗ್ಗಿದ ಪಾದರಸ ಗಾಜನ್ನೇ ಒಡೆದೀತು. ಡಿಜಿಟಲ್ ಉಪಕರಣದ ತುದಿಯನ್ನಷ್ಟೇ ತೊಳೆಯಬೇಕು. ಜಲನಿರೋಧಕವಲ್ಲದಿದ್ದರೆ ಇಡಿಯಾಗಿ ಮುಳುಗಿಸಬಾರದು.

ಗುದದ್ವಾರದಲ್ಲಿ ಬಳಸಿದ ಉಷ್ಣಮಾಪಕವನ್ನು ಎಂದಿಗೂ ಬಾಯಿಗೆ ಇಡಬಾರದು. ಅತಿಸಾರ ತರುವ ಕೆಲವು ಬ್ಯಾಕ್ಟೀರಿಯಗಳ ಬೀಜಕಗಳು ಸ್ಪಿರಿಟ್‌ಗೂ ಸಾಯುವುದಿಲ್ಲ. ಅಂಥದಕ್ಕೆ ಬಣ್ಣದ ಗುರುತು ಹಚ್ಚಿ ಬೇರೆಯೇ ಇಡುವುದು ಕ್ಷೇಮ.

ಪಾದರಸದ ಕಡ್ಡಿ ಒಡೆದರೆ ಪೊರಕೆಯಿಂದ ಗುಡಿಸದೆ, ಬರಿಗೈಯಿಂದ ಮುಟ್ಟದೆ, ಕಿಟಕಿಗಳನ್ನು ತೆರೆದು, ಮಕ್ಕಳನ್ನು ದೂರವಿರಿಸಿ, ಗಟ್ಟಿ ಕಾಗದದಿಂದ ಹನಿಗಳನ್ನು ಒಟ್ಟುಗೂಡಿಸಿ ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಬೇಕು.

ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಕೈತೊಳೆಯಲು ನೀರು-ಸಾಬೂನು ಒದಗಿಸುವುದು ಪ್ರತಿಯೊಂದು ಕುಟುಂಬದ ಕರ್ತವ್ಯ. ಉಷ್ಣಮಾಪಕವನ್ನು ಒರೆಸುವಿರಾ ಎಂದು ಅವರನ್ನು ವಿನಯದಿಂದ ಕೇಳುವುದು ಅಪನಂಬಿಕೆಯಲ್ಲ. ಈ ಮನೆಯ ಕೂಸಿನಷ್ಟೇ ಮುಂದಿನ ಮನೆಯ ಕೂಸಿಗೂ ಅದು ರಕ್ಷೆ ಎಂಬುದನ್ನು ಭಕ್ತಬಾಂಧವರು ಮನಗಾಣಬೇಕಾಗಿ ವಿನಂತಿ.