ಭಾನುವಾರದ ಪ್ರಸಂಗದಲ್ಲಿ ವಾರದ ಸುದ್ದಿ



ಭಾನುವಾರದ ಪೂಜೆಯಲ್ಲಿ ಗುರುಗಳು ಎರಡು ಸಲ ಜನರೊಡನೆ ಮಾತಾಡುತ್ತಾರೆ. ಶುಭಸಂದೇಶ ಓದಿದ ಮೇಲೆ ಪ್ರಸಂಗ. ಪರಮಪ್ರಸಾದ ಆದ ಮೇಲೆ, ಕೊನೆಯ ಆಶೀರ್ವಾದಕ್ಕೆ ಮೊದಲು ಪ್ರಕಟಣೆ. ಪ್ರಸಂಗದಲ್ಲಿ ದೇವರ ವಾಕ್ಯದ ಚಿಂತನೆ ಇರುತ್ತದೆ. ಪ್ರಕಟಣೆಯಲ್ಲಿ ವಾರದ ಸುದ್ದಿ ಇರುತ್ತದೆ: ಯಾರ ಮದುವೆ, ಯಾರಿಗೆ ಕಾಯಿಲೆ, ಯಾವ ವಾರ್ಡಿನವರು ಚರ್ಚ್ ಗುಡಿಸಬೇಕು, ಸಂಘದ ಸಭೆ ಎಷ್ಟು ಗಂಟೆಗೆ ಅಂತ. ಪ್ರಕಟಣೆ ಶುರುವಾದ ಕೂಡಲೇ ಕೆಲವರು ಚಪ್ಪಲಿ ಹುಡುಕೋಕೆ ಹೊರಡ್ತಾರೆ. ಸುದ್ದಿ ಬೇರೆ, ದೇವರ ವಾಕ್ಯ ಬೇರೆ ಅನ್ನೋ ಭಾವನೆ ನಮ್ಮಲ್ಲಿ ಹಾಗೇ ಉಳಿದುಬಿಟ್ಟಿದೆ.

ಇವೆರಡನ್ನೂ ಒಂದೇ ಪ್ರಸಂಗದಲ್ಲಿ ಸೇರಿಸಿ, ಮೂರು ವರ್ಷ ಪ್ರತಿ ಭಾನುವಾರ ಇಡೀ ದೇಶಕ್ಕೆ ಕೇಳಿಸಿದ ಒಬ್ಬ ಧರ್ಮಾಧ್ಯಕ್ಷರಿದ್ದರು. ಅವರೇ ಎಲ್ ಸಾಲ್ವಡೋರ್ ದೇಶದ ಸಂತ ಆಸ್ಕರ್ ರೊಮೆರೊ. ಅವರು ಸುದ್ದಿಯನ್ನು ಹೇಗೆ ಕಲೆಹಾಕುತ್ತಿದ್ದರು, ಹೇಗೆ ಹೇಳುತ್ತಿದ್ದರು, ಅದಕ್ಕೆ ಎಷ್ಟು ಬೆಲೆ ಕೊಟ್ಟರು ಎಂಬುದನ್ನು ಈ ಸಲ ತಿಳಿಯೋಣ.

ಕಾಫಿ ಬೆಳೆಯುವ ಸಣ್ಣ ದೇಶ

ಎಲ್ ಸಾಲ್ವಡೋರ್ ಇರುವುದು ಮಧ್ಯ ಅಮೆರಿಕದಲ್ಲಿ. ವಿಸ್ತೀರ್ಣ ಸುಮಾರು 21,000 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಒಂಬತ್ತನೇ ಒಂದು ಪಾಲಷ್ಟೇ. ಆ ದೇಶದ ಹೆಸರಿನ ಅರ್ಥವೇ 'ರಕ್ಷಕ' ಎಂದು. ನಮ್ಮ ಚಿಕ್ಕಮಗಳೂರು, ಕೊಡಗಿನ ಹಾಗೆ ಅಲ್ಲಿಯೂ ಕಾಫಿ ತೋಟಗಳು. ಆದರೆ ಒಳ್ಳೆಯ ಭೂಮಿಯೆಲ್ಲ ಬೆರಳೆಣಿಕೆಯ ಶ್ರೀಮಂತ ಮನೆತನಗಳ ಕೈಯಲ್ಲಿತ್ತು. ಹಳ್ಳಿಯ ಜನರಿಗೆ ಕಾಫಿ ಕೊಯ್ಲಿನ ಕೂಲಿಯೇ ಗತಿ. ಕೂಲಿ ಹೆಚ್ಚು ಕೇಳಿದರೆ, ಸಂಘ ಕಟ್ಟಿದರೆ ಸೈನಿಕರು ಬರುತ್ತಿದ್ದರು. ರಾತ್ರಿ ಮನೆಯಿಂದ ಎಳೆದುಕೊಂಡು ಹೋದವರು ಎಷ್ಟೋ ಸಲ ವಾಪಸ್ಸು ಬರುತ್ತಿರಲಿಲ್ಲ. ದೊಡ್ಡ ಪತ್ರಿಕೆಗಳು ಶ್ರೀಮಂತರದ್ದೇ ಆಗಿದ್ದರಿಂದ ಅವುಗಳಲ್ಲಿ ಈ ಸುದ್ದಿ ಬರುತ್ತಿರಲಿಲ್ಲ. ಬಂದರೂ ಸತ್ತವರನ್ನೇ ಅಪರಾಧಿಗಳೆಂದು ಬರೆಯುತ್ತಿದ್ದರು.

ಇಂಥ ಸಮಯದಲ್ಲಿ, 1977ರ ಫೆಬ್ರವರಿಯಲ್ಲಿ, ರೊಮೆರೊ ರಾಜಧಾನಿ ಸಾನ್ ಸಾಲ್ವಡೋರ್‌ನ ಮಹಾಧರ್ಮಾಧ್ಯಕ್ಷರಾದರು. ಹುಟ್ಟಿದ್ದು 1917ರಲ್ಲಿ, ಒಂದು ಸಣ್ಣ ಊರಿನಲ್ಲಿ. ಹುಡುಗನಾಗಿದ್ದಾಗ ಬಡಗಿ ಕೆಲಸ ಕಲಿತವರು. ಸ್ವಭಾವದಲ್ಲಿ ಸೌಮ್ಯ, ಪುಸ್ತಕದ ಮನುಷ್ಯ. ಇವರಿಂದ ನಮಗೆ ತೊಂದರೆ ಇಲ್ಲ ಅಂತ ದೊಡ್ಡವರು ನಿಟ್ಟುಸಿರು ಬಿಟ್ಟರು.

ಮೂರು ವಾರವೂ ಆಗಿರಲಿಲ್ಲ. ಮಾರ್ಚ್ 12ರಂದು ಅವರ ಸ್ನೇಹಿತರಾದ ಯೇಸುಸಭೆಯ ಗುರು ರುತಿಲಿಯೊ ಗ್ರಾಂದೆಯವರನ್ನು ದಾರಿಯಲ್ಲಿ ಗುಂಡಿಟ್ಟು ಕೊಂದರು. ಅವರು ಹಳ್ಳಿಯೊಂದರ ಪೂಜೆಗೆ ಗಾಡಿಯಲ್ಲಿ ಹೋಗುತ್ತಿದ್ದರು. ಜೊತೆಗಿದ್ದ ಒಬ್ಬ ಮುದುಕರೂ, ಹದಿನಾರು ವರ್ಷದ ಹುಡುಗನೂ ಸತ್ತರು. ಗ್ರಾಂದೆಯವರು ಕಬ್ಬಿನ ಗದ್ದೆಯ ಕೂಲಿಗಳಿಗೆ ಬೈಬಲ್ ಓದಲು, ಒಟ್ಟಾಗಿ ಯೋಚಿಸಲು ಕಲಿಸಿದ್ದರು. ಅದೇ ಅವರ ತಪ್ಪು. ಮುಂದಿನ ಭಾನುವಾರ, ಮಾರ್ಚ್ 20ರಂದು, ರೊಮೆರೊ ತಮ್ಮ ಧರ್ಮಪ್ರಾಂತ್ಯದ ಉಳಿದೆಲ್ಲ ಚರ್ಚುಗಳ ಪೂಜೆ ನಿಲ್ಲಿಸಿ, ಪ್ರಧಾನಾಲಯದಲ್ಲಿ ಒಂದೇ ಒಂದು ಪೂಜೆ ಇಟ್ಟರು. ದೊಡ್ಡ ಜನಸಾಗರವೇ ಸೇರಿತು. ಮನೆಯಲ್ಲಿದ್ದವರು ರೇಡಿಯೋದಲ್ಲಿ ಕೇಳಿದರು.

ಆ ಪ್ರಸಂಗದಲ್ಲಿ ಏನಿರುತ್ತಿತ್ತು?

ಧರ್ಮಪ್ರಾಂತ್ಯಕ್ಕೆ ವೈ.ಎಸ್.ಎ.ಎಕ್ಸ್. ಎಂಬ ರೇಡಿಯೋ ಕೇಂದ್ರವಿತ್ತು. ಭಾನುವಾರ ಬೆಳಗಿನ ಪೂಜೆ ಅದರಲ್ಲಿ ಪ್ರಸಾರವಾಗುತ್ತಿತ್ತು. ಓದು ಬಾರದವರು, ಚರ್ಚಿನಿಂದ ದೂರ ಇರುವವರು, ಹಿಟ್ಟು ರುಬ್ಬುತ್ತಾ, ಮಗುವಿಗೆ ಹಾಲು ಕೊಡುತ್ತಾ ಇರುವ ತಾಯಂದಿರು, ಎಲ್ಲರೂ ಕೇಳುತ್ತಿದ್ದರು. ವಿರೋಧಿಗಳೂ ಕೇಳುತ್ತಿದ್ದರು, ಈ ವಾರ ಏನು ಹೇಳ್ತಾರೋ ಅಂತ.

ಪ್ರಸಂಗ ಒಂದು ಗಂಟೆ, ಕೆಲವು ಸಲ ಒಂದೂವರೆ ಗಂಟೆ. ಅಷ್ಟು ಹೊತ್ತು ಜನ ಹೇಗೆ ಕೂತಿರುತ್ತಿದ್ದರು? ಅದರಲ್ಲಿ ತಮ್ಮದೇ ಬದುಕು ಇರುತ್ತಿತ್ತು, ಅದಕ್ಕೇ. ಸಾಮಾನ್ಯವಾಗಿ ಅದರಲ್ಲಿ ಮೂರು ಭಾಗ ಕಾಣುತ್ತಿತ್ತು.

ಮೊದಲನೆಯದು, ಆ ದಿನದ ವಾಚನಗಳ ವಿವರಣೆ. ಇದೇ ದೊಡ್ಡ ಭಾಗ. ಸಾಮಾನ್ಯವಾಗಿ ಮೂರು ಅಂಶಗಳಲ್ಲಿ ಹೇಳುತ್ತಿದ್ದರು.

ಎರಡನೆಯದು, ಧರ್ಮಸಭೆಯ ವಾರದ ಸುದ್ದಿ. ಯಾವ ಊರಿಗೆ ಭೇಟಿ ಕೊಟ್ಟರು, ಎಲ್ಲಿ ಹಬ್ಬ, ಯಾವ ಸಿಸ್ಟರುಗಳು ಹೊಸ ಕೆಲಸ ಶುರು ಮಾಡಿದರು ಇಂಥವು. ಸಣ್ಣ ಊರಿನ ಹೆಸರು ರೇಡಿಯೋದಲ್ಲಿ ಬಂದಾಗ ಅಲ್ಲಿನವರಿಗೆ ಆಗುವ ಸಂತೋಷ ನೀವೇ ಊಹಿಸಿ.

ಮೂರನೆಯದು, ದೇಶದ ವಾರದ ಘಟನೆಗಳು. ಇಂಥ ದಿನ, ಇಂಥ ಊರಿನಲ್ಲಿ, ಇಂಥವರನ್ನು ಸೈನಿಕರು ಹಿಡಿದರು. ಇಂಥವರ ಹೆಣ ಇಂಥ ರಸ್ತೆಯಲ್ಲಿ ಸಿಕ್ಕಿತು. ಇಂಥವರು ಕಾಣೆಯಾಗಿ ಇಷ್ಟು ದಿನ ಆಯಿತು. ಹೆಸರು, ಊರು, ತಾರೀಖು. ಪತ್ರಿಕೆಯಲ್ಲಿ 'ಇಷ್ಟು ಜನ ಸತ್ತರು' ಎಂದಷ್ಟೇ ಬರುತ್ತದೆ. ಇಲ್ಲಿ ಒಬ್ಬೊಬ್ಬ ಕೂಲಿಯ ಹೆಸರೂ ಪೀಠದಿಂದ ಕೇಳಿಬರುತ್ತಿತ್ತು.

ಪ್ರಸಂಗದಲ್ಲಿ ರಾಜಕೀಯ ಯಾಕೆ ಎಂದು ಕೆಲವು ಧರ್ಮಾಧ್ಯಕ್ಷರೂ ಆಕ್ಷೇಪಿಸಿದರು. ರೊಮೆರೊರವರ ತಿಳಿವಳಿಕೆ ಸರಳ. ಶುಭಸಂದೇಶ ದೀಪದ ಹಾಗೆ. ದೀಪ ಹಚ್ಚಿ ಗೋಡೆಗೆ ಮುಖ ಮಾಡಿ ಇಟ್ಟರೆ ಏನು ಪ್ರಯೋಜನ? ಜನರು ಆ ವಾರ ಅನುಭವಿಸಿದ್ದರ ಮೇಲೆ ಅದರ ಬೆಳಕು ಬೀಳಬೇಕು.

ಸುದ್ದಿ ಎಲ್ಲಿಂದ ಬರುತ್ತಿತ್ತು?

ಕೇಳಿದ್ದನ್ನೆಲ್ಲ ಹೇಳುವವರಲ್ಲ ರೊಮೆರೊ. ಧರ್ಮಪ್ರಾಂತ್ಯದ ಕಾನೂನು ನೆರವು ಕಚೇರಿಯಲ್ಲಿ ಯುವ ವಕೀಲರೂ ಕಾನೂನು ವಿದ್ಯಾರ್ಥಿಗಳೂ ಇದ್ದರು. ಮನೆಯವರು ಬಂದು ಹೇಳಿದ್ದನ್ನು ಅವರು ಬರೆದುಕೊಂಡು, ವಿಚಾರಿಸಿ, ಕಡತ ಮಾಡುತ್ತಿದ್ದರು. ಹಳ್ಳಿಗಳಿಂದ ರಾಶಿ ರಾಶಿ ಪತ್ರಗಳೂ ಬರುತ್ತಿದ್ದವು. ಅಕ್ಷರ ಸರಿಯಾಗಿ ಬಾರದವರೂ ಬರೆಯುತ್ತಿದ್ದರು. ವಾರದ ಕೊನೆಯಲ್ಲಿ ಕೆಲವು ಗುರುಗಳು ಮತ್ತು ಗೃಹಸ್ಥರ ಜೊತೆ ಕೂತು ವಾರದ ಘಟನೆಗಳನ್ನು ಪರಿಶೀಲಿಸುತ್ತಿದ್ದರು. ಆಮೇಲೆ ಶನಿವಾರ ರಾತ್ರಿ ಬಹಳ ಹೊತ್ತು ಬೈಬಲ್ ಮುಂದಿಟ್ಟುಕೊಂಡು, ಪ್ರಾರ್ಥಿಸಿ, ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಮರುದಿನ ಆ ಟಿಪ್ಪಣಿ ನೋಡಿಕೊಂಡೇ ಮಾತಾಡುತ್ತಿದ್ದರು.

ಇನ್ನೊಂದು ಮಾತು ಗಮನಿಸಿ. ಅವರು ಒಂದೇ ಪಕ್ಷದ ತಪ್ಪು ಹೇಳಲಿಲ್ಲ. ಸರ್ಕಾರದ ವಿರುದ್ಧ ಶಸ್ತ್ರ ಹಿಡಿದವರು ಜನರನ್ನು ಅಪಹರಿಸಿದಾಗ, ಕೊಂದಾಗ ಅದನ್ನೂ ಅಷ್ಟೇ ಸ್ಪಷ್ಟವಾಗಿ ಖಂಡಿಸಿದರು. 1977ರ ಮೇ ತಿಂಗಳಲ್ಲಿ ಬಂಡುಕೋರರು ತಾವು ಅಪಹರಿಸಿದ್ದ ದೇಶದ ವಿದೇಶಾಂಗ ಮಂತ್ರಿಯನ್ನು ಕೊಂದರು. ಅವರ ಅಂತ್ಯಕ್ರಿಯೆಯ ಪೂಜೆಯನ್ನೂ ರೊಮೆರೊ ಅವರೇ ಅರ್ಪಿಸಿದರು.

ತಾಯಂದಿರು ಕಟ್ಟಿದ ಸಂಘ

ಈ ಸುದ್ದಿಯ ಹಿಂದೆ ಹೆಂಗಸರ ಕೆಲಸ ಬಹಳ ಇತ್ತು. ಗಂಡ, ಮಗ, ಮಗಳು ಕಾಣೆಯಾದಾಗ ಠಾಣೆಯಿಂದ ಠಾಣೆಗೆ, ಜೈಲಿನಿಂದ ಶವಾಗಾರಕ್ಕೆ ಅಲೆಯುತ್ತಿದ್ದವರು ತಾಯಂದಿರು. ಎಲ್ಲೂ ಉತ್ತರವಿಲ್ಲ. ಕಡೆಗೆ ಮಹಾಧರ್ಮಾಧ್ಯಕ್ಷರ ಬಾಗಿಲಿಗೆ ಬಂದು ಅಳುತ್ತಿದ್ದರು. ಒಬ್ಬೊಬ್ಬರೇ ಅಲೆಯುವ ಬದಲು ಒಟ್ಟಾಗಿ ಹುಡುಕಲು ರೊಮೆರೊ ಅವರಿಗೆ ಆಸರೆಯಾದರು. 1977ರ ಕೊನೆಯಲ್ಲಿ ಹೀಗೆ ಹುಟ್ಟಿದ್ದೇ 'ಕೊಮಾದ್ರೆಸ್' ಎಂಬ ತಾಯಂದಿರ ಸಮಿತಿ. ಅಲ್ಲಿನ ಭಾಷೆಯಲ್ಲಿ ಮಗುವಿನ ಹೆತ್ತ ತಾಯಿಯೂ ಜ್ಞಾನಸ್ನಾನದ ಜ್ಞಾನತಾಯಿಯೂ ಒಬ್ಬರನ್ನೊಬ್ಬರು ಕರೆಯುವುದು ಇದೇ ಹೆಸರಿನಿಂದ.

ಆ ತಾಯಂದಿರು ಕಪ್ಪು ಬಟ್ಟೆ ಉಟ್ಟು, ತಲೆಗೆ ಬಿಳಿ ವಸ್ತ್ರ ಕಟ್ಟಿ ಬೀದಿಗೆ ಬಂದರು. ಕಾಣೆಯಾದವರ ಪಟ್ಟಿ ಮಾಡಿದರು. ಎಸೆದುಹೋದ ಹೆಣಗಳನ್ನು ಗುರುತಿಸಲು ಧೈರ್ಯ ಮಾಡಿ ಹೋದರು. 1984ರಲ್ಲಿ ಅಮೆರಿಕದ ರಾಬರ್ಟ್ ಕೆನಡಿ ಮಾನವ ಹಕ್ಕುಗಳ ಪ್ರಶಸ್ತಿಯನ್ನು ಮೊಟ್ಟಮೊದಲು ಪಡೆದದ್ದು ಇದೇ ಸಮಿತಿ.

ಸಂಘ ಕಟ್ಟುವ ಹಕ್ಕಿನ ಬಗ್ಗೆಯೂ ರೊಮೆರೊ ಬರೆದರು. 1978ರ ಆಗಸ್ಟ್‌ನಲ್ಲಿ ಇನ್ನೊಬ್ಬ ಧರ್ಮಾಧ್ಯಕ್ಷರ ಜೊತೆ ಹೊರಡಿಸಿದ ಪಾಲನಾ ಪತ್ರದಲ್ಲಿ, ಹಳ್ಳಿಯ ಬಡವರಿಗೂ ಸಂಘಟಿತರಾಗುವ ಹಕ್ಕಿದೆ ಎಂದು ಹೇಳಿದರು. ಸಂಘವನ್ನೇ ದೇವರಂತೆ ಮಾಡಿಕೊಳ್ಳಬೇಡಿ ಎಂದೂ ಎಚ್ಚರಿಸಿದರು.

ಬಾಯಿ ಮುಚ್ಚಿಸುವ ಪ್ರಯತ್ನ

1980ರ ಫೆಬ್ರವರಿ 17, ಭಾನುವಾರ. ಅಮೆರಿಕದ ಅಧ್ಯಕ್ಷ ಕಾರ್ಟರ್ ಅವರಿಗೆ ತಾವು ಬರೆದ ಪತ್ರವನ್ನು ರೊಮೆರೊ ಪ್ರಸಂಗದಲ್ಲೇ ಓದಿದರು. ನಮ್ಮ ಸೈನ್ಯಕ್ಕೆ ಸಹಾಯ ಕಳಿಸಬೇಡಿ, ಅದು ನಮ್ಮ ಜನರನ್ನೇ ಕೊಲ್ಲಲು ಬಳಕೆಯಾಗುತ್ತದೆ ಎಂಬುದು ಪತ್ರದ ಸಾರ. ಮರುದಿನವೇ ರೇಡಿಯೋ ಕೇಂದ್ರಕ್ಕೆ ಬಾಂಬಿಟ್ಟರು. ಜನ ಸುಮ್ಮನಾಗಲಿಲ್ಲ. ಟೇಪ್ ರೆಕಾರ್ಡರ್ ತಂದು ಪ್ರಸಂಗ ಹಿಡಿದುಕೊಂಡು ಹೋಗಿ ಊರಿನಲ್ಲಿ ಕೇಳಿಸಿದರು. ಇನ್ನೊಂದು ದೇಶದ ರೇಡಿಯೋ ಕೇಂದ್ರವೊಂದು ಪ್ರಸಾರಕ್ಕೆ ನೆರವಾಯಿತು.

ಮಾರ್ಚ್ 23ರ ಭಾನುವಾರ ಕೇಂದ್ರ ಮತ್ತೆ ಕೆಲಸ ಶುರು ಮಾಡಿತು. ಅಂದಿನ ಪ್ರಸಂಗದಲ್ಲಿ ವಾರದ ಸಾವುಗಳನ್ನು ಹೇಳಿದ ನಂತರ ರೊಮೆರೊ ನೇರವಾಗಿ ಸಾಮಾನ್ಯ ಸೈನಿಕರ ಜೊತೆ ಮಾತಾಡಿದರು. ನೀವು ಕೊಲ್ಲುತ್ತಿರುವುದು ನಿಮ್ಮದೇ ಅಣ್ಣ ತಮ್ಮಂದಿರನ್ನು, ಕೊಲ್ಲಬೇಡ ಎಂಬ ದೇವರ ಆಜ್ಞೆ ಯಾವ ಅಧಿಕಾರಿಯ ಆಜ್ಞೆಗಿಂತಲೂ ದೊಡ್ಡದು ಎಂದರು. ಈ ದಬ್ಬಾಳಿಕೆ ನಿಲ್ಲಲಿ ಎಂದು ದೇವರ ಹೆಸರಿನಲ್ಲಿ ಬೇಡಿದರು, ಆಜ್ಞಾಪಿಸಿದರು. ಜನರ ಚಪ್ಪಾಳೆ ರೇಡಿಯೋದಲ್ಲಿ ದೇಶವೆಲ್ಲ ಕೇಳಿಸಿತು.

ಮರುದಿನ, ಮಾರ್ಚ್ 24ರ ಸಂಜೆ, ತಾವು ವಾಸಿಸುತ್ತಿದ್ದ ಕ್ಯಾನ್ಸರ್ ಆಸ್ಪತ್ರೆಯ ಚಿಕ್ಕ ಪ್ರಾರ್ಥನಾಲಯದಲ್ಲಿ ಅವರು ಪೂಜೆ ಅರ್ಪಿಸುತ್ತಿದ್ದರು. ಒಬ್ಬ ತಾಯಿ ತೀರಿಕೊಂಡು ವರ್ಷವಾದ ನೆನಪಿನ ಪೂಜೆ ಅದು. ಪೂಜೆಯ ಪ್ರಕಟಣೆ ಪತ್ರಿಕೆಯಲ್ಲಿ ಬಂದಿತ್ತು. ಹಾಗಾಗಿ ಅವರು ಎಷ್ಟು ಗಂಟೆಗೆ ಎಲ್ಲಿರುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ನೆಲಕ್ಕೆ ಬಿದ್ದು ಸಾಯುವ ಗೋಧಿ ಕಾಳಿನ ಶುಭಸಂದೇಶದ ಮೇಲೆ ಚಿಕ್ಕ ಪ್ರಸಂಗ ಮುಗಿಸಿದ್ದರು, ಅಷ್ಟೇ. ಬಾಗಿಲ ಕಡೆಯಿಂದ ಬಂದ ಒಂದೇ ಗುಂಡು ಅವರನ್ನು ಪೀಠದ ಬಳಿ ಕೆಡವಿತು.

ಆಮೇಲೆ ಹನ್ನೆರಡು ವರ್ಷ ಅಂತರ್ಯುದ್ಧ ನಡೆಯಿತು. 1992ರ ಜನವರಿಯಲ್ಲಿ ಶಾಂತಿ ಒಪ್ಪಂದವಾಗುವಷ್ಟರಲ್ಲಿ ಸುಮಾರು 75,000 ಜನ ಸತ್ತಿದ್ದರು. ರೊಮೆರೊರವರ ಕೊಲೆಗೆ ಆಜ್ಞೆ ಕೊಟ್ಟವನು ಸೈನ್ಯದ ಮಾಜಿ ಮೇಜರ್ ರೊಬೆರ್ತೊ ದೌಬುಸ್ಸೋನ್ ಎಂದು ವಿಶ್ವಸಂಸ್ಥೆಯ ಸತ್ಯಶೋಧನಾ ಆಯೋಗ 1993ರಲ್ಲಿ ಹೇಳಿತು. ಆತ ಅದಕ್ಕೆ ಒಂದು ವರ್ಷ ಮೊದಲೇ ಕಾಯಿಲೆಯಿಂದ ತೀರಿಕೊಂಡಿದ್ದ. 2018ರ ಅಕ್ಟೋಬರ್ 14ರಂದು ಪೋಪ್ ಫ್ರಾನ್ಸಿಸ್ ರೊಮೆರೊರವರನ್ನು ಸಂತರೆಂದು ಘೋಷಿಸಿದರು. ಅವರು ಸತ್ತ ಮಾರ್ಚ್ 24ನ್ನು ವಿಶ್ವಸಂಸ್ಥೆ 2010ರಲ್ಲಿ ಸತ್ಯ ತಿಳಿಯುವ ಹಕ್ಕಿನ ಅಂತರರಾಷ್ಟ್ರೀಯ ದಿನವೆಂದು ಗೊತ್ತುಮಾಡಿತು.

ನಮ್ಮ ಸಭೆಗೆ ನಾಲ್ಕು ಮಾತು

ನಮ್ಮ ಪರಿಸ್ಥಿತಿ ಬೇರೆ. ಆದರೂ ವಾರಕ್ಕೊಮ್ಮೆ ಸೇರಿ ಉಳಿತಾಯ ಕಟ್ಟಿ, ನಿರ್ಣಯ ಪುಸ್ತಕಕ್ಕೆ ಸಹಿ ಹಾಕುವ ನಮಗೆ ಇದರಲ್ಲಿ ಕಲಿಯೋದು ಇದೆ.

1. ಹೆಸರು, ಊರು, ತಾರೀಖು ಬರೆದಿಡಿ. 'ಯಾರಿಗೋ ಪಿಂಚಣಿ ನಿಂತಿದೆಯಂತೆ' ಅಂದರೆ ಯಾರೂ ಕೇಳೋದಿಲ್ಲ. ಯಾರಿಗೆ, ಯಾವ ತಿಂಗಳಿಂದ, ಯಾವ ಕಚೇರಿಗೆ ಎಷ್ಟು ಸಲ ಹೋಗಿದ್ದರು ಎಂದು ಬರೆದರೆ ಉತ್ತರ ಕೊಡಲೇಬೇಕಾಗುತ್ತದೆ. ಪೊಲೀಸ್ ದೂರು ಕೊಟ್ಟವರು ಎಫ್‌ಐಆರ್ ಪ್ರತಿ ಕೇಳಿ ತೆಗೆದುಕೊಳ್ಳಿ. ಅದನ್ನು ಉಚಿತವಾಗಿ ಕೊಡಬೇಕು.

2. ವಿಚಾರಿಸಿ ಆಮೇಲೆ ಹೇಳಿ. ಗಾಳಿಮಾತು ಸಂಘವನ್ನೇ ಒಡೆಯುತ್ತದೆ. ನಮ್ಮವರ ತಪ್ಪು ಮುಚ್ಚಿ, ಬೇರೆಯವರ ತಪ್ಪು ಮಾತ್ರ ಹೇಳಿದರೆ ಯಾರೂ ನಂಬೋದಿಲ್ಲ.

3. ನೊಂದವಳನ್ನು ಕೇಳಿ ಆಮೇಲೆ ಅವಳ ಹೆಸರು ಹೇಳಿ. ಮನೆಯಲ್ಲಿ ಹೊಡೆತ ತಿನ್ನುವ ಸದಸ್ಯೆಯ ಹೆಸರನ್ನು ಅವಳ ಒಪ್ಪಿಗೆ ಇಲ್ಲದೆ ಹೊರಗೆ ಹೇಳಿದರೆ ಅವಳಿಗೇ ಅಪಾಯ.

4. ಒಳ್ಳೆಯ ಸುದ್ದಿಯನ್ನೂ ಹೇಳಿ. ಸಾಲ ತೀರಿಸಿದವಳು, ಮಗಳನ್ನು ಪಿಯುಸಿಗೆ ಸೇರಿಸಿದವಳು, ಇವರ ಹೆಸರೂ ಸಭೆಯಲ್ಲಿ ಕೇಳಿಬರಲಿ.

ಚರ್ಚೆಗೆ ಪ್ರಶ್ನೆಗಳು

ಕಳೆದ ವಾರ ನಮ್ಮ ಊರಿನಲ್ಲಿ ಯಾರ ಕಷ್ಟ ಯಾರ ಕಿವಿಗೂ ಬೀಳದೆ ಹೋಯಿತು?

ಅದನ್ನು ತಿಳಿದುಕೊಳ್ಳಲು ನಮ್ಮಲ್ಲಿ ಯಾರು ಹೋಗಬಹುದು?

ತಿಳಿದದ್ದನ್ನು ಸಂಘದಲ್ಲಿ, ಗ್ರಾಮಸಭೆಯಲ್ಲಿ, ಧರ್ಮಕೇಂದ್ರದ ಪ್ರಕಟಣೆಯಲ್ಲಿ, ಎಲ್ಲಿ ಹೇಳುವುದು ಒಳ್ಳೆಯದು?

ಮುಂದಿನ ಭಾನುವಾರ ಪ್ರಕಟಣೆ ಓದುವಾಗ ಚಪ್ಪಲಿ ಹುಡುಕೋಕೆ ಎದ್ದು ಹೋಗಬೇಡಿ. ಕೂತು ಕೇಳಿ. ನಾವು ಯಾರ ಮನೆಗೆ ಹೋಗಬೇಕು ಅನ್ನೋದು ಅದರಲ್ಲೇ ಇರಬಹುದು.