ಸೈನೈಡ್ ಗುಡ್ಡದ ಕೊರಕಲುಗಳು

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ಟ್ರೈನ್ ಹತ್ತಿ ಕೆಜಿಎಫ್‌ಗೆ ಹೋದ್ರೆ ಬೂದು ಬಣ್ಣದ ಗುಡ್ಡಗಳು ಕಾಣುತ್ತವೆ. ಟ್ರೆಕ್‌ಗೆ, ರೀಲ್ಸ್‌ಗೆ ಸೂಪರ್ ಜಾಗ ಅಂತ ನಾನೂ ಹತ್ತಿದ್ದೆ. ಆದರೆ ಇವು ಬೆಟ್ಟಗಳೇ ಅಲ್ಲ. ಗಣಿಯ ಕಲ್ಲನ್ನು ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳು. 2001ರಲ್ಲಿ ಗಣಿ ಮುಚ್ಚಿತು, ರಾಶಿ ಉಳಿಯಿತು.

ಬಂಡೆ ಕೊರೆದು ಕಣಿವೆ ಮಾಡೋಕೆ ನದಿಗೆ ಲಕ್ಷಾಂತರ ವರ್ಷ ಬೇಕು. ಈ ಸಡಿಲ ಪುಡಿಯನ್ನು ಕೊರೆಯಲು ಕೆಲವು ಮಳೆಗಾಲ ಸಾಕು. ಅದಕ್ಕೇ ಕೊರಕಲಿನ ಗೋಡೆ ಗಟ್ಟಿ ಕಂಡರೂ ಕುಸಿಯಬಹುದು. ಗಾಳಿಗೆ ಏಳುವ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಅಪಾಯ. ನಾವು ಒಂದು ಭಾನುವಾರ ಅದನ್ನ ಉಸಿರಾಡಿ ಬರ್ತೀವಿ. ಸುತ್ತಲಿನ ಕಾಲೊನಿಯವರು ಗಾಳಿ ಬೀಸಿದಾಗಲೆಲ್ಲ ಉಸಿರಾಡ್ತಾರೆ.

ಹತ್ತೋ ಆಸೆ ಇದ್ರೆ ಕೋಲಾರದ ಅಂತರಗಂಗೆ ಬೆಟ್ಟಕ್ಕೆ ಹೋಗಿ. ಅಲ್ಲಿ ನಿಜವಾದ ಬಂಡೆ, ಗುಹೆ ಎರಡೂ ಇವೆ.