ಗುಳಿಗೆಯ ಬೆಲೆ ಯಾರ ಕೈಯಲ್ಲಿ?

ಗಂಗಾವತಿ ಬಳಿಯ ಶ್ರೀರಾಮನಗರದ ಮೆಡಿಕಲ್ ಶಾಪಿನಲ್ಲಿ ಕೊಂಡ ಬಿಪಿ ಗುಳಿಗೆಯ ಸ್ಟ್ರಿಪ್ಪನ್ನು ತಿರುವಿ ನೋಡಿ. ಅದರ ಮೇಲಿನ ಬೆಲೆಗೆ ಮಿತಿ ಹಾಕುವುದು ದೆಹಲಿಯ ಕಚೇರಿ. ಅದನ್ನು ಮಾರಲು ಅಂಗಡಿಗೆ ಪರವಾನಗಿ ಕೊಡುವುದು ಕರ್ನಾಟಕ ಸರ್ಕಾರ. ಅದನ್ನು ತಯಾರಿಸಲು ಪರವಾನಗಿ ಕೊಡುವುದು ಕಾರ್ಖಾನೆ ಎಲ್ಲಿದೆಯೋ ಆ ರಾಜ್ಯ. ಅದರ ಮೇಲಿನ ತೆರಿಗೆ ತೀರ್ಮಾನವಾಗುವುದು ಕೇಂದ್ರವೂ ರಾಜ್ಯಗಳೂ ಒಟ್ಟಿಗೆ ಕೂರುವ ಜಿಎಸ್‌ಟಿ ಮಂಡಳಿಯಲ್ಲಿ. ಅಲ್ಲಿನ ತೀರ್ಮಾನದಂತೆ 2025ರ ಸೆಪ್ಟೆಂಬರ್ 22ರಿಂದ ಬಹುಪಾಲು ಔಷಧಗಳ ತೆರಿಗೆ ಶೇ. 12ರಿಂದ 5ಕ್ಕೆ ಇಳಿಯಿತು.

ಇಷ್ಟು ಸರ್ಕಾರಗಳ ಕೈ ದಾಟಿ ಬಂದ ಗುಳಿಗೆಗೆ ದುಡ್ಡು ಕೊಡುವವರು ಮಾತ್ರ ಒಬ್ಬರೇ: ಭತ್ತದ ಗದ್ದೆಯಲ್ಲೋ ಅಕ್ಕಿ ಗಿರಣಿಯಲ್ಲೋ ದುಡಿದು ಬಂದ ರೋಗಿ. ಯಾವ ಸರ್ಕಾರದ ಹೊಣೆ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಆ ರೋಗಿಗೆ ತಿಳಿದಿರಬೇಕು. ತಿಳಿಯದಿದ್ದರೆ ತಪ್ಪಾದಾಗ ಯಾರನ್ನು ಕೇಳಬೇಕೆಂದೂ ತಿಳಿಯುವುದಿಲ್ಲ.

ಸಂವಿಧಾನ ಹಂಚಿದ ಕೆಲಸ

ಸಂವಿಧಾನದ ಏಳನೇ ಅನುಸೂಚಿ ಸರ್ಕಾರದ ಕೆಲಸಗಳನ್ನು ಮೂರು ಪಟ್ಟಿಗಳಲ್ಲಿ ಹಂಚಿದೆ. ರಾಜ್ಯ ಪಟ್ಟಿಯ 6ನೇ ನಮೂದಿನಲ್ಲಿ ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಆಸ್ಪತ್ರೆ, ಔಷಧಾಲಯಗಳಿವೆ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹಿಡಿದು ಗಂಗಾವತಿಯ ಸರ್ಕಾರಿ ಆಸ್ಪತ್ರೆ, ಕೊಪ್ಪಳದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯವರೆಗೆ ನಡೆಸುವ ಹೊಣೆ ಬೆಂಗಳೂರಿನದು.

ಔಷಧದ ವಿಷಯ ಬೇರೆ. ಅದು ಸಮವರ್ತಿ ಪಟ್ಟಿಯ 19ನೇ ನಮೂದು. ಬೆಲೆ ನಿಯಂತ್ರಣ ಅದೇ ಪಟ್ಟಿಯ 34ನೇ ನಮೂದು. ಸಮವರ್ತಿ ಪಟ್ಟಿಯ ವಿಷಯದಲ್ಲಿ ಸಂಸತ್ತೂ ರಾಜ್ಯದ ಶಾಸಕಾಂಗವೂ ಕಾನೂನು ಮಾಡಬಹುದು. ಎರಡೂ ಒಂದಕ್ಕೊಂದು ವಿರುದ್ಧವಾದರೆ ಸಾಮಾನ್ಯವಾಗಿ ಸಂಸತ್ತಿನ ಕಾನೂನೇ ನಿಲ್ಲುತ್ತದೆ. ಗುಣಮಟ್ಟಕ್ಕೆ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, ಬೆಲೆಗೆ 1955ರ ಅಗತ್ಯ ವಸ್ತುಗಳ ಕಾಯ್ದೆ. ಇವೆರಡೂ ಕೇಂದ್ರ ಕಾಯ್ದೆಗಳು. ಹೀಗೆ ಚಿಕಿತ್ಸೆಯ ಹೊಣೆ ರಾಜ್ಯದ ಹೆಗಲಿಗೆ ಬಂತು, ಬೆಲೆಯ ಅಧಿಕಾರ ಕೇಂದ್ರದ ಕೈಯಲ್ಲಿ ಉಳಿಯಿತು.

ದೆಹಲಿಯಲ್ಲಿ ಬೆಲೆ ಕಟ್ಟುವ ಬಗೆ

ಬೆಲೆ ಕಟ್ಟುವುದು 1997ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ. ಗಮನಿಸಬೇಕಾದ ಸಂಗತಿಯೆಂದರೆ, ಇದು ಆರೋಗ್ಯ ಸಚಿವಾಲಯದ ಕೆಳಗಿಲ್ಲ. ರಾಸಾಯನಿಕ ಮತ್ತು ರಸಗೊಬ್ಬರ ಸಚಿವಾಲಯದ ಕೆಳಗಿದೆ. ಈಗ ಜಾರಿಯಲ್ಲಿರುವುದು 2013ರ ಔಷಧ ಬೆಲೆ ನಿಯಂತ್ರಣ ಆದೇಶ. ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿರುವ ಔಷಧಗಳಿಗೆ ಈ ಆದೇಶ ಗರಿಷ್ಠ ಬೆಲೆ ಗೊತ್ತುಮಾಡುತ್ತದೆ. 2022ರ ಪಟ್ಟಿಯಲ್ಲಿ 384 ಔಷಧಗಳಿವೆ. ಬಿಪಿಯ ಅಮ್ಲೋಡಿಪಿನ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಅದರಲ್ಲಿ ಸೇರಿವೆ.

ಲೆಕ್ಕ ಹೀಗೆ: ಮಾರುಕಟ್ಟೆಯಲ್ಲಿ ಶೇ. 1 ಅಥವಾ ಹೆಚ್ಚು ಪಾಲಿರುವ ಬ್ರ್ಯಾಂಡುಗಳು ಅಂಗಡಿಯವರಿಗೆ ಕೊಡುವ ದರಗಳ ಸರಾಸರಿ ತೆಗೆದು, ಅದಕ್ಕೆ ಅಂಗಡಿಯ ಲಾಭವೆಂದು ಶೇ. 16 ಸೇರಿಸುತ್ತಾರೆ. ಪ್ರತಿ ವರ್ಷ ಸಗಟು ಬೆಲೆ ಸೂಚ್ಯಂಕ ಏರಿದಷ್ಟು ಈ ಮಿತಿಯೂ ಏರಬಹುದು. 2023ರಲ್ಲಿ ಶೇ. 12ಕ್ಕೂ ಹೆಚ್ಚು ಏರಿತು. 2024ರಲ್ಲಿ ಏರಿಕೆ ಇಲ್ಲವೆನ್ನುವಷ್ಟು ಕಡಿಮೆ. ಪಟ್ಟಿಯ ಹೊರಗಿನ ಔಷಧಗಳಿಗೆ ಗರಿಷ್ಠ ಬೆಲೆಯ ಕಟ್ಟಿಲ್ಲ, ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬಾರದು ಎಂಬ ನಿಯಮವಷ್ಟೇ ಇದೆ. ಪಟ್ಟಿಯಲ್ಲಿ ಒಂದು ಔಷಧದ ಹೆಸರಿದ್ದ ಮಾತ್ರಕ್ಕೆ ಅದರ ಎಲ್ಲ ಪ್ರಮಾಣಗಳೂ ಎಲ್ಲ ಬೆರಕೆ ಗುಳಿಗೆಗಳೂ ಮಿತಿಯೊಳಗೆ ಬರುವುದಿಲ್ಲ.

ಕರ್ನಾಟಕದಿಂದ ಎದ್ದ ಪ್ರಶ್ನೆ

ಅಗತ್ಯ ಔಷಧಗಳ ಪಟ್ಟಿಗೂ ಬೆಲೆಗೂ ಗಂಟು ಬೀಳುವುದರಲ್ಲಿ ಕರ್ನಾಟಕದ ಪಾಲಿದೆ. 1979ರಲ್ಲಿ 347 ಮೂಲ ಔಷಧಗಳು ಬೆಲೆ ನಿಯಂತ್ರಣದಲ್ಲಿದ್ದವು. 1987ರಲ್ಲಿ ಅವು 142ಕ್ಕೆ ಇಳಿದವು, 1995ರ ಆದೇಶದಲ್ಲಿ 74ಕ್ಕೆ ಬಂದವು. 2002ರ ಔಷಧ ನೀತಿ ಜಾರಿಯಾಗಿದ್ದರೆ ಆ ಸಂಖ್ಯೆ ಇನ್ನಷ್ಟು ಕುಗ್ಗುತ್ತಿತ್ತು. ಅದನ್ನು ಪ್ರಶ್ನಿಸಿ ಕೆ.ಎಸ್. ಗೋಪಿನಾಥ್ ಮತ್ತಿತರರು ಕರ್ನಾಟಕ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. 2002ರ ನವೆಂಬರ್ 12ರಂದು ಹೈಕೋರ್ಟು ಆ ನೀತಿಯ ಬೆಲೆ ಭಾಗಕ್ಕೆ ತಡೆ ಕೊಟ್ಟಿತು.

ಕೇಂದ್ರ ಸರ್ಕಾರ ಮೇಲ್ಮನವಿ ಸಲ್ಲಿಸಿತು. 2003ರ ಮಾರ್ಚ್ 10ರಂದು ಸುಪ್ರೀಂ ಕೋರ್ಟ್ ಆ ತಡೆಯನ್ನು ಅಮಾನತಿನಲ್ಲಿಟ್ಟರೂ, ಅಗತ್ಯ ಮತ್ತು ಜೀವರಕ್ಷಕ ಔಷಧಗಳು ಬೆಲೆ ನಿಯಂತ್ರಣದಿಂದ ತಪ್ಪಿಹೋಗದಂತೆ ಮಾನದಂಡ ರೂಪಿಸಬೇಕೆಂದು ಕೇಂದ್ರಕ್ಕೆ ಸೂಚಿಸಿತು. ಹತ್ತು ವರ್ಷಗಳ ನಂತರ 2013ರ ಆದೇಶದಲ್ಲಿ ಅಗತ್ಯ ಔಷಧಗಳ ಪಟ್ಟಿಯೇ ಬೆಲೆ ನಿಯಂತ್ರಣದ ಪಟ್ಟಿಯೂ ಆಯಿತು. ಬೆಲೆ ಕಟ್ಟುವ ಅಧಿಕಾರ ದೆಹಲಿಯದಾದರೂ ಅದನ್ನು ಪ್ರಶ್ನಿಸುವ ಹಕ್ಕು ಇಲ್ಲಿಯವರಿಗೂ ಇದೆ ಎಂಬುದಕ್ಕೆ ಈ ಮೊಕದ್ದಮೆ ಸಾಕ್ಷಿ.

ರಾಜ್ಯದ ಕೈಯಲ್ಲಿರುವ ಬಲ

ಬೆಲೆ ಕಟ್ಟಲು ಆಗದ ರಾಜ್ಯ ಏನು ಮಾಡಬಹುದು? ಒಟ್ಟಾಗಿ ಕೊಂಡು ಉಚಿತವಾಗಿ ಹಂಚಬಹುದು. ಇದು ಕಾನೂನಿನ ಬಲಕ್ಕಿಂತ ಕಡಿಮೆಯದಲ್ಲ. ತಮಿಳುನಾಡು 1994ರಲ್ಲಿ ಔಷಧ ಖರೀದಿಗೆಂದೇ ನಿಗಮ ಸ್ಥಾಪಿಸಿ ದಾರಿ ತೋರಿತು. ರಾಜಸ್ಥಾನ 2011ರ ಅಕ್ಟೋಬರ್ 2ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧ ಯೋಜನೆ ಆರಂಭಿಸಿತು. ನಮ್ಮಲ್ಲಿ ಈ ಕೆಲಸ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ್ದು. ಕೆನಡಾದಲ್ಲೂ ಇಂಥದೇ ಹಂಚಿಕೆಯಿದೆ: ಆಸ್ಪತ್ರೆ ಪ್ರಾಂತಗಳದ್ದು, ಪೇಟೆಂಟ್ ಔಷಧಗಳ ಬೆಲೆಯ ಮೇಲಿನ ನಿಗಾ ಒಕ್ಕೂಟ ಸರ್ಕಾರದ್ದು. ಅಲ್ಲಿಯ ಪ್ರಾಂತಗಳು 2010ರಿಂದ ಜೊತೆಗೂಡಿ ಕಂಪನಿಗಳೊಡನೆ ಚೌಕಾಸಿ ಮಾಡುತ್ತಿವೆ.

ಉಚಿತ ಗುಳಿಗೆ ಏಕೆ ಇಷ್ಟು ಮುಖ್ಯ? ಕೇಂದ್ರ, ರಾಜ್ಯ ಎರಡೂ ಸೇರಿ 2018ರಿಂದ ನಡೆಸುತ್ತಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಯ ವೆಚ್ಚ ಭರಿಸುತ್ತದೆ. ಆದರೆ ಬಿಪಿ, ಶುಗರ್ ಇದ್ದವರು ತಿಂಗಳು ತಿಂಗಳು ಅಂಗಡಿಯಲ್ಲಿ ಕೊಳ್ಳುವ ಗುಳಿಗೆಗೆ ಆ ಯೋಜನೆಯ ಕಾರ್ಡ್ ನಡೆಯುವುದಿಲ್ಲ. ದಿನಗೂಲಿಯ ಮನೆಯಲ್ಲಿ ಆ ಖರ್ಚು ತಾಳದೆ ಗುಳಿಗೆ ನಿಲ್ಲಿಸಿದವರೇ ಮುಂದೆ ಪಾರ್ಶ್ವವಾಯು ಬಡಿದು ದೊಡ್ಡಾಸ್ಪತ್ರೆಗೆ ಬರುವ ಅಪಾಯವಿದೆ. ಆದ್ದರಿಂದ ದವಾಖಾನೆಯಲ್ಲಿ ಔಷಧ ಮುಗಿಯಿತೆಂದು ಹೊರಗಿನ ಅಂಗಡಿಗೆ ಚೀಟಿ ಬರೆದ ದಿನ, ರಾಜ್ಯ ತನ್ನ ಕೈಯಲ್ಲಿದ್ದ ಬಲವನ್ನೇ ಬಿಟ್ಟುಕೊಟ್ಟಂತೆ.

ಕೇಂದ್ರದ ಜನೌಷಧಿ ಕೇಂದ್ರಗಳು ಬ್ರ್ಯಾಂಡಿಲ್ಲದ ಔಷಧವನ್ನು ಕಡಿಮೆ ದರಕ್ಕೆ ಮಾರುತ್ತವೆ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತವಾಗಿರುವಾಗ ಆವರಣದೊಳಗೆ ಮಾರಾಟ ಬೇಡವೆಂದು ರಾಜ್ಯ 2025ರ ಮೇ ತಿಂಗಳಲ್ಲಿ ಅಲ್ಲಿನ ಜನೌಷಧಿ ಕೇಂದ್ರಗಳನ್ನು ತೆರವು ಮಾಡಲು ಹೊರಟಿತು. ವಿಷಯ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗಿ ಜುಲೈನಲ್ಲಿ ತಡೆ ಬಂತು. ಉಚಿತವೆಂಬ ಮಾತು ಪ್ರತಿ ದವಾಖಾನೆಯ ಕಪಾಟಿನಲ್ಲೂ ನಿಜವಾಗಿದ್ದರೆ ಮಾತ್ರ ರಾಜ್ಯದ ವಾದಕ್ಕೆ ತೂಕ.

ಬಳ್ಳಾರಿ ಕಲಿಸಿದ್ದು

2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಐವರು ಬಾಣಂತಿಯರು ಮುಂದಿನ ದಿನಗಳಲ್ಲಿ ತೀರಿಕೊಂಡರು. ಅವರಿಗೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ಸಲಾಯಿನ್ ಮೇಲೆ ಸಂಶಯ ಬಂತು. ಅದನ್ನು ಕೊಂಡದ್ದು ಕರ್ನಾಟಕದ ನಿಗಮ, ತಯಾರಿಸಿದ್ದು ಪಶ್ಚಿಮ ಬಂಗಾಳದ ಕಂಪನಿ. ಆ ಕಂಪನಿಯ ಕೆಲವು ಬ್ಯಾಚ್‌ಗಳು ಗುಣಮಟ್ಟದವಲ್ಲವೆಂದು ರಾಜ್ಯದ ಪ್ರಯೋಗಾಲಯ ಮೊದಲೇ ವರದಿ ಕೊಟ್ಟಿತ್ತು. ಕೇಂದ್ರ ಪ್ರಯೋಗಾಲಯ ಕೆಲವನ್ನು ಸರಿಯಿದೆ ಎಂದಿತು. 1940ರ ಕಾಯ್ದೆಯ ಪ್ರಕಾರ ಇಂಥ ತಕರಾರಿನಲ್ಲಿ ಕೇಂದ್ರ ಪ್ರಯೋಗಾಲಯದ ವರದಿಯೇ ಕೊನೆಯ ಮಾತು. ಸಾವುಗಳ ನಂತರ ರಾಜ್ಯ ಆ ಸಲಾಯಿನ್ ಬಳಕೆ ನಿಲ್ಲಿಸಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು.

ಕೊಳ್ಳುವವರು ಒಂದು ಕಡೆ, ಪರವಾನಗಿ ಕೊಟ್ಟವರು ಇನ್ನೊಂದು ಕಡೆ, ಕೊನೆಯ ಮಾತು ಹೇಳುವವರು ಮತ್ತೊಂದು ಕಡೆ. ಅಧಿಕಾರ ಹಂಚಿಕೊಂಡವರು ಮಾಹಿತಿಯನ್ನೂ ಅಷ್ಟೇ ಬೇಗ ಹಂಚಿಕೊಳ್ಳಬೇಕು. ಒಂದು ರಾಜ್ಯದಲ್ಲಿ ತಿರಸ್ಕೃತವಾದ ಬ್ಯಾಚ್ ಮರುದಿನವೇ ಎಲ್ಲ ರಾಜ್ಯಗಳ ಉಗ್ರಾಣಗಳಿಗೂ ತಿಳಿಯಬೇಕು. ಸಂಶಯವಿರುವ ಸಲಾಯಿನ್ ಅಂತಿಮ ವರದಿಗೆ ಮುಂಚೆ ರೋಗಿಯ ರಕ್ತನಾಳಕ್ಕೆ ಹೋಗಬಾರದು.

ಯಾರನ್ನು ಏನು ಕೇಳಬೇಕು?

ಔಷಧ ಅಂಗಡಿಯವರು ಬೆಲೆ ಪಟ್ಟಿಯನ್ನು ಕಾಣುವಂತೆ ಹಾಕಬೇಕು. ಮುದ್ರಿತ ಬೆಲೆ, ಪಟ್ಟಿಯ ಬೆಲೆ ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಮಿತಿ ಎಷ್ಟೆಂದು ಪ್ರಾಧಿಕಾರದ ‘ಫಾರ್ಮಾ ಸಹಿ ದಾಮ್’ ಆ್ಯಪ್‌ನಲ್ಲಿ ನೋಡಬಹುದು. ಹೆಚ್ಚು ತೆಗೆದುಕೊಂಡರೆ ಬಿಲ್ ಇಟ್ಟುಕೊಂಡು ಡ್ರಗ್ ಇನ್ಸ್‌ಪೆಕ್ಟರರಿಗೂ ದೆಹಲಿಯ ಪ್ರಾಧಿಕಾರಕ್ಕೂ ದೂರು ಕೊಡಿ. ದವಾಖಾನೆಯಲ್ಲಿ ಗುಳಿಗೆ ಇಲ್ಲವೆಂದರೆ ತಾಲ್ಲೂಕು ಆರೋಗ್ಯಾಧಿಕಾರಿಯನ್ನು, ಆಮೇಲೆ ಶಾಸಕರನ್ನು ಕೇಳಿ. ಬೆಲೆಯ ಮಿತಿಯೇ ದುಬಾರಿ ಎನಿಸಿದರೆ ಕೇಳಬೇಕಾದವರು ಸಂಸದರು. ‘ಅದು ಅವರ ಕೆಲಸ’ ಎಂದು ಒಂದು ಸರ್ಕಾರ ಇನ್ನೊಂದರ ಕಡೆ ಬೆರಳು ತೋರಿಸಿದಾಗ, ಯಾವುದು ಯಾರ ಕೆಲಸವೆಂದು ಬಲ್ಲ ಮತದಾರರು ಇಬ್ಬರಿಂದಲೂ ಉತ್ತರ ಪಡೆಯಬಲ್ಲರು.